ಅಕ್ಕೋರ ಬೈಕು ನೂಕಿದ ಬೆಳಗು

ನಮ್ಮ ಗಣಿತದ ಅಕ್ಕೋರು ಬ್ಯಾಡಗಿಯಿಂದ ನಮ್ಮೂರಿನ ಶಾಲೆಗೆ ಬೈಕಿನಲ್ಲಿ ಬರುತ್ತಿದ್ದರು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಹೆಲ್ಮೆಟ್ಟಿನೊಳಗಿಂದಲೇ ದಾರಿಯವರನ್ನೆಲ್ಲ ಮಾತನಾಡಿಸುತ್ತ ಬರುವರು. ಬೋರ್ಡಿನ ಮುಂದೆ ನಾವು ಲೆಕ್ಕ ತಪ್ಪಿ ನಿಂತರೆ, "ಅಂಜಬ್ಯಾಡ, ಇನ್ನೊಮ್ಮೆ ಮಾಡು" ಎನ್ನುವರು. ಬೈದದ್ದು ನನಗೆ ನೆನಪಿಲ್ಲ.

ಹತ್ತನೇ ತರಗತಿಯ ಗಣಿತ ಪರೀಕ್ಷೆಯ ದಿನ, ಪರೀಕ್ಷಾ ಕೇಂದ್ರವಿದ್ದ ಬ್ಯಾಡಗಿಗೆ ಹೋಗುವ ಬಸ್ಸು ನನಗೆ ತಪ್ಪಿತು. ಫೋನ್ ಮಾಡಿದ್ದೇ ತಡ, ಅಕ್ಕೋರು ಊರಿಗೆ ಬಂದು ನನ್ನನ್ನು ಹಿಂದೆ ಕೂರಿಸಿಕೊಂಡು ಹೊರಟರು. ಮೆಣಸಿನಕಾಯಿ ಮಾರುಕಟ್ಟೆಯ ಮುಂದೆ, ಲಾರಿಗಳ ನಡುವೆ ಸಿಕ್ಕಿ, ಬೈಕು ಆರಿಹೋಯಿತು. ಸ್ಟಾರ್ಟ್ ಗುಂಡಿ ಒತ್ತಿದರೆ ಸದ್ದೇ ಇಲ್ಲ. ಬ್ಯಾಟರಿ ಸತ್ತಿತ್ತು, ಕಿಕ್ಕರ್ ಮೊದಲೇ ಮುರಿದಿತ್ತು. ನಾನು ಅಳತೊಡಗಿದೆ.

ಅಕ್ಕೋರು ಹೆಲ್ಮೆಟ್ ತೆಗೆದು ಹಮಾಲರನ್ನು ಕೂಗಿದರು. "ಅಣ್ಣಾರ, ನಮ್ಮ ಹುಡುಗೀದು ಪರೀಕ್ಷಾ ಐತ್ರಿ! ಲಗೂ ಬಂದು ನೂಕ್ರಿ!"

ಹೊತ್ತ ಚೀಲ ಇಳಿಸಿ ಹಮಾಲರು ಓಡಿಬಂದರು. ಮೆಣಸಿನಕಾಯಿ ಘಾಟಿಗೆ ಸೀನುತ್ತಲೇ ನೂಕಿದರು. ಬೈಕು ಗುರುಗುಟ್ಟಿ ಮತ್ತೆ ಆರಿತು. "ಅಂಜಬ್ಯಾಡ್ರಿ, ಇನ್ನೊಮ್ಮೆ!" ಎಂದರು ಅಕ್ಕೋರು, ಅವರಿಗೂ ಅದೇ ದನಿಯಲ್ಲಿ. ಈ ಸಲ ಎರಡನೇ ಗೇರಿನಲ್ಲಿ ಕ್ಲಚ್ ಬಿಟ್ಟಾಗ ಬೈಕು ಜಿಗಿದೆದ್ದಿತು. ಹಿಂದೆ ಹಮಾಲರು ಕೇಕೆ ಹಾಕಿದರು.

ಗಂಟೆ ಬಾರಿಸುವ ಹೊತ್ತಿಗೆ ನಾನು ಒಳಗಿದ್ದೆ.

ಬರೆದು ಹೊರಬಂದರೆ ಅಕ್ಕೋರು ಗೇಟಿನೆದುರು ಬೈಕಿಗೆ ಒರಗಿ ಕಾಯುತ್ತಿದ್ದರು. ಹೇಗೆ ಬರೆದೆ ಎಂದು ಕೇಳಲಿಲ್ಲ. ನನ್ನ ಮುಖ ನೋಡಿ ನಕ್ಕು, ಹತ್ತಿ ಕುಳಿತು, ಹ್ಯಾಂಡಲ್ ಹಿಡಿದರು.

"ಪರೀಕ್ಷಾ ಮುಗೀತಲ್ಲ? ಬಾ, ಈಗ ನೀ ನೂಕು."