ಪಾಸ್ಟರ್ ಸಾಬ್ರು ಮುರಿಸಿದ ರೊಟ್ಟಿ

ಮೊನ್ನೆ ಬಿಳಿ ಸೀರೆ ಹುಡುಕಲು ಟ್ರಂಕ್ ತೆಗೆದಾಗ ಡಾಂಬರು ಗುಳಿಗೆಯ ವಾಸನೆ ಮೂಗಿಗೆ ಬಡಿಯಿತು. ಮೇಲೆಯೇ ಇತ್ತು ಆ ಹಸಿರು ಸೀರೆ, ಭಾಲ್ಕಿಯ ಸಭೆಯಲ್ಲಿ ವೇದಿಕೆ ಹತ್ತಿದಾಗ ಉಟ್ಟದ್ದು. ಆಮೇಲೆ ಉಡಲು ಮನಸ್ಸೇ ಬರಲಿಲ್ಲ... ಪಾಸ್ಟರ್ ಸಾಬ್ರು ತೀರಿಕೊಂಡರೆಂದು ಬೀದರಿನಿಂದ ಆಗಷ್ಟೇ ಫೋನ್ ಬಂದಿತ್ತು.

ಬೀದರಿನ ಚಿದ್ರಿಯಲ್ಲಿ ನನ್ನ ತವರಿಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ಮೊದಮೊದಲು ಅವರು ಔರಾದ್ ಕಡೆಯ ಡಾಬಕಾದಂಥ ಹಳ್ಳಿಗಳಿಗೆ ಸೈಕಲ್ ಮೇಲೆ ಹೋಗಿ ಪ್ರಾರ್ಥನೆ ನಡೆಸುತ್ತಿದ್ದರು. ಆದರೆ ಹೆಸರು ಬಂದದ್ದು ಚರ್ಚಿನಲ್ಲಿ ಹೇಳುವ ಪ್ರಸಂಗದಿಂದಲ್ಲ, ಒಡೆದ ಸಂಸಾರ ಕೂಡಿಸುವುದರಿಂದ. ಗಂಡ ಹೆಂಡತಿಯನ್ನು ಒಂದೇ ಜಮಖಾನದ ಮೇಲೆ ಕೂರಿಸಿ, ಒಂದು ಜೋಳದ ರೊಟ್ಟಿಯನ್ನು ಇಬ್ಬರ ಕೈಯಿಂದಲೂ ಮುರಿಸುತ್ತಿದ್ದರು. ತಿಂದು ಮುಗಿದರೆ ನ್ಯಾಯವೂ ಮುಗಿದಂತೆ. ಆಮೇಲೆ ಹೆಣ್ಣು ತವರಲ್ಲಿ ಉಳಿಯುವಂತಿಲ್ಲ. ಯಾವ ಜಾತಿಯವರೇ ಬರಲಿ, ಅದೇ ರೊಟ್ಟಿ.

ನನಗೂ ಮುರಿಸಿದರು. ಭಾಲ್ಕಿ ಕಡೆಯ ಖಟಕ ಚಿಂಚೋಳಿಯ ಗಂಡನ ಮನೆಯಿಂದ ಬೆನ್ನ ಮೇಲೆ ಬಾಸುಂಡೆ ಹೊತ್ತು ಬಂದಿದ್ದೆ.

"ಗಂಡಸು ಸಿಟ್ಟಿನ್ಯಾಗ ಕೈ ಎತ್ತತಾನ ತಂಗಿ. ಅಷ್ಟಕ್ಕ ಮನಿ ಮುರಿಬಾರದು," ಎಂದರು.

ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎನ್ನುವ ಮನೆ ನಮ್ಮದು. ಅವ್ವ, ಅಪ್ಪ ಇಬ್ಬರೂ ಪಾಸ್ಟರ್ ಸಾಬ್ರ ಮಾತು ಮೀರುವವರಲ್ಲ. ರೊಟ್ಟಿ ಮುರಿದು ಬಾಯಿಗಿಟ್ಟೆ. ನೀರು ಕುಡಿದು ಇಳಿಸಿದೆ. ಅವರು ಒಳ್ಳೆಯವರು, ಅದೇ ದೊಡ್ಡ ಕಷ್ಟ. ಕೆಟ್ಟವರಾಗಿದ್ದರೆ ಎದುರು ಮಾತಾಡಬಹುದಿತ್ತು.

ಆ ರೊಟ್ಟಿಯೇ ಅವರನ್ನು ರಾಜಕೀಯಕ್ಕೆ ಎಳೆಯಿತು. ಮನೆತನ, ಹಿರಿಯರ ಮಾತು, ಹಳೆಯ ನಡತೆ ಎಂದು ಭಾಷಣ ಮಾಡುವ ಪಕ್ಷಕ್ಕೆ ಅಂಥವರೇ ಬೇಕಿತ್ತು. ನಿಲುವಂಗಿ ಗೂಟಕ್ಕೆ ಹೋಯಿತು, ಮೈಮೇಲೆ ಜಾಕೀಟು ಬಂತು. ಮೊದಲು ವಾರ್ಡಿನ ಮೆಂಬರ್, ಆಮೇಲೆ ವಿಧಾನಸಭೆಯ ಟಿಕೆಟ್. "ಕಡಿಯೋ ಕುರಿಗಿ ಹಾರ ಹಾಕ್ಯಾರ ನೋಡ್ರಿ," ಎಂದು ಚರ್ಚಿನ ಹಿರಿಯರೊಬ್ಬರು ಚುಡಾಯಿಸಿದರೆ ಅವರೂ ನಕ್ಕಿದ್ದರು.

ಭಾಲ್ಕಿಯ ಸಭೆಗೆ ನನ್ನನ್ನೂ ಗಂಡನನ್ನೂ ಕರೆಸಿದರು. ಎಲ್ಲರೆದುರು ಮತ್ತೆ ರೊಟ್ಟಿ ಮುರಿಸಿ, "ನೋಡ್ರಿ, ಇದು ನಾ ಉಳಿಸಿದ ಮನಿ," ಎಂದರು. ಚಪ್ಪಾಳೆ ಬಿತ್ತು. ನಾನು ನಕ್ಕೆ. ಹಿಂದಿನ ದಿನ ತಿಂದ ಹೊಡೆತವನ್ನು ಸೆರಗು ಮುಚ್ಚಿತ್ತು.

ವೇದಿಕೆ ಇಳಿದ ಮೇಲೆ ನನ್ನೊಬ್ಬಳನ್ನೇ ಜೀಪಿನ ಹತ್ತಿರ ಕರೆದೊಯ್ದರು. ಒಳಗೆ ಅವರ ಮಗಳು ಕುಳಿತಿದ್ದಳು, ಗಂಡನ ಮನೆ ಬಿಟ್ಟು ಬಂದವಳು. ಮುಖದ ಒಂದು ಬದಿ ಊದಿತ್ತು. ಅವಳು ತವರಲ್ಲಿ ಉಳಿದರೆ ಅವರ ಮಾತಿಗೆ ಬೆಲೆ ಇಲ್ಲ, ಚುನಾವಣೆಯೂ ಕೈತಪ್ಪಿದಂತೆ.

"ಹೊಳ್ಳಿ ಹೋಗಂತ ನೀನರೆ ಹೇಳು ತಂಗಿ. ನನ್ನ ಮಾತು ಕೇಳವಲ್ಲಳು," ಎಂದರು.

ನಾನು ಸೆರಗು ಸರಿಸಿ ತೋಳು ತೋರಿಸಿದೆ. ಮಗಳಿಗೆ, "ಹೋಗಬ್ಯಾಡವ್ವ. ಅಪ್ಪನ ಮನ್ಯಾಗೇ ಇರು," ಎಂದೆ.

ಪಾಸ್ಟರ್ ಸಾಬ್ರು ನನ್ನ ತೋಳನ್ನೇ ನೋಡುತ್ತ ನಿಂತರು. ಆಚೆ ಮೈಕಿನಲ್ಲಿ ಅವರದೇ ಜೈಕಾರ... ಅಷ್ಟರಲ್ಲಿ ಗಂಡ ಕರೆದ, ಹೋದೆ.

ಮಗಳನ್ನು ಅವರು ಕಳಿಸಲಿಲ್ಲ. ಸುದ್ದಿ ಹಬ್ಬಿತು. "ಶಾಸ್ತ್ರ ಹೇಳಲಿಕ್ಕ, ಬದನಿಕಾಯಿ ತಿನ್ನಲಿಕ್ಕ," ಎಂದು ಜನ ಆಡಿಕೊಂಡರು. ಅವರು ಸೋತರು. ಪಕ್ಷ ಮರೆಯಿತು, ಚರ್ಚಿನ ಪೀಠಕ್ಕೆ ಮತ್ತೆ ಹತ್ತುವಂತಿರಲಿಲ್ಲ. ತವರಿಗೆ ಹೋದಾಗಲೆಲ್ಲ ಗೋಡೆಯಾಚೆ ಅವರ ಕೆಮ್ಮು ಕೇಳಿಸುತ್ತಿತ್ತು. ಎದುರಾದರೆ ತಲೆ ತಗ್ಗಿಸಿ ಒಳಗೆ ಹೋಗುತ್ತಿದ್ದರು. ನನಗೂ 'ಇರು' ಎನ್ನುತ್ತಾರೇನೋ ಎಂದು ಎಷ್ಟು ಕಾದೆ... ಇನ್ನು ಆ ಮಾತು ಬರುವಂತಿಲ್ಲ. ಸಿಟ್ಟೂ ಇದೆ, ಅಳುವೂ ಬರುತ್ತದೆ.

ಮೊನ್ನೆ ಅವರ ಮಣ್ಣು ಮುಗಿದ ಮೇಲೆ ಮಗಳು ನನ್ನನ್ನು ಒಳಗೆ ಕೂರಿಸಿಕೊಂಡಳು. ಈಗ ಅವಳು ಸಾಲಿ ಟೀಚರ್.

"ನೀವು ಇರು ಅಂದ್ರಿ, ನಾ ಉಳಿದೀನ್ರಿ ಅಕ್ಕಾ. ಇನ್ನರೆ ನೀವು ಹೋಗಬ್ಯಾಡ್ರಿ. ನಾ ಒಬ್ಬಾಕಿನೇ ಇರ್ತೇನಿ, ಇಲ್ಲೇ ಇರ್ರಿ."

ಹೊರಗಿನಿಂದ ಗಂಡನ ದನಿ ಬಂತು. "ಭಾಲ್ಕಿ ಬಸ್ಸ ಹೋಗ್ತದ, ಲಗೂ ಬಾ."

ಅವಳು ಹಿಡಿದ ಕೈ ಬಿಡಿಸಿಕೊಂಡು ಎದ್ದೆ. ಇಷ್ಟು ದಿನ, ಪಾಸ್ಟರ್ ಸಾಬ್ರು ಕಳಿಸಿದ್ದಕ್ಕೇ ಗಂಡನ ಮನೆಯಲ್ಲಿದ್ದೇನೆ ಎಂದುಕೊಳ್ಳುತ್ತಿದ್ದೆ. ಮೊನ್ನೆ ನನ್ನನ್ನು ಯಾರೂ ಕಳಿಸಲಿಲ್ಲ. ನಾನೇ ಬಂದು ಬಸ್ಸು ಹತ್ತಿದೆ.