ಚಮೇಲಿಗೆ ಗೊತ್ತಿದ್ದ ಸ್ಟೇಷನ್

ಟಾಂಗಾದ ಸೈಫುದ್ದೀನನಿಗೆ ಕಣ್ಣು ಕಾಣುವುದಿಲ್ಲವೆಂಬುದು ವಿಜಯಪುರದಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು. ಒಬ್ಬಳು ಹೆಂಡತಿ ಚಾಂದಬಿ. ಇನ್ನೊಬ್ಬಳು ಕುದುರೆ ಚಮೇಲಿ. ಕಣ್ಣಿನ ನರ ಒಣಗಿವೆ, ಇನ್ನು ಬೆಳಕು ಕತ್ತಲೆ ಅಷ್ಟೇ ತಿಳಿದೀತು ಎಂದು ಸೊಲ್ಲಾಪುರದ ಡಾಕ್ಟರು ಹೇಳಿ ನಾಲ್ಕು ವರ್ಷವಾಗಿತ್ತು. ಆ ನಾಲ್ಕು ವರ್ಷವೂ ಅವನು ಲಗಾಮು ಹಿಡಿದು ಕೂತದ್ದೇ ಬಂತು, ಟಾಂಗಾ ಹೊಡೆದವಳು ಚಮೇಲಿ.

ಅವಳು ಮರಿ ಇದ್ದಾಗಲೇ ಅವನೊಂದು ಪಾಠ ಕಲಿಸಿದ್ದ. ರೈಲು ಸೀಟಿ ಹೊಡೆದರೆ ಎಲ್ಲಿದ್ದರೂ ಸ್ಟೇಷನ್ ಕಡೆ ತಿರುಗಬೇಕು, ಮುಟ್ಟಿದರೆ ಒಂದು ಹಿಡಿ ಕುದುರೆಮಸಾಲೆ ಸೊಪ್ಪು. ಪ್ಯಾಸೆಂಜರ್ ಆಗಲಿ, ಗೂಡ್ಸ್ ಆಗಲಿ. ಗೂಡ್ಸಿನಿಂದ ಇಳಿದ ಗಾರ್ಡೂ ಗಿರಾಕಿಯೇ ಅಲ್ಲವೇ? ಇಬ್ರಾಹಿಂಪುರದ ಮನೆ, ಬಸ್‌ಸ್ಟ್ಯಾಂಡು, ಸ್ಟೇಷನ್ ರಸ್ತೆ, ಇಷ್ಟೇ ಅವರ ಲೋಕ. ಎದುರಿಗೆ ಯಾರಾದರೂ ಅಡ್ಡ ಬಂದರೆ ಚಮೇಲಿ ತಾನೇ ನಿಲ್ಲುತ್ತಿದ್ದಳು. ಸೊಪ್ಪನ್ನೂ ಅವನು ಕೂತಲ್ಲಿಂದಲೇ ಅವಳ ಮುಂದೆ ಎಸೆಯುತ್ತಿದ್ದ. ಮಂದಿಯೆದುರು ಟಾಂಗಾ ಇಳಿದವನಲ್ಲ.

ಅಷ್ಟರಲ್ಲಿ ಮೇಲಿನವರಿಗೆ ಏನು ಹೊಳೆಯಿತೋ, ಊರೊಳಗಿನ ಸ್ಟೇಷನ್ನನ್ನು ಊರಾಚೆಯ ವಿಮಾನ ನಿಲ್ದಾಣಕ್ಕೆ ಸಾಗಿಸಿದರು. ವಿಮಾನ ಇಳಿದವರು ಹಾಗೇ ರೈಲು ಹತ್ತಬೇಕಂತೆ. ಹತ್ತಲಿ ಪಾಪ! ತಲೆಯ ಮೇಲೆ ಗಂಟು ಹೊತ್ತು ಬರುವವರ ಚಿಂತೆ ಯಾರಿಗಿದೆ? ಹಳಿ ಊರೊಳಗೇ ಉಳಿಯಿತು, ರೈಲೂ ಊರೊಳಗೇ ಓಡಿತು, ನಿಲ್ಲುವುದನ್ನಷ್ಟೇ ಬಿಟ್ಟಿತು.

“ಟಾಂಗಾ ಮಾರಿಬಿಡ್ರಿ, ಇನ್ನ ಸಾಕು,” ಎಂದಳು ಚಾಂದಬಿ.

“ಮಾರಿ ಏನ ಮಾಡ್ಲಿ? ಮನ್ಯಾಗ ಗ್ವಾಡಿ ಹಿಡಕೊಂಡ ಕುಂಡರಲೇನು? ಟಾಂಗಾದ ಮ್ಯಾಲ ಕುಂತ್ರ ನಾ ಟಾಂಗಾದವ. ಇಳದ್ರ ಕುರುಡ.”

ಮರುದಿನದಿಂದ ಚಾಂದಬಿ ಮಧ್ಯಾಹ್ನ ಗಂಡನ ಪಕ್ಕದಲ್ಲಿ ಕೂತು, ಬಸ್‌ಸ್ಟ್ಯಾಂಡಿನಿಂದ ವಿಮಾನ ನಿಲ್ದಾಣದವರೆಗೆ ದಾರಿ ಹೇಳಿದಳು. ಒಂದೊಂದು ತಿರುವಿಗೂ ಒಂದೊಂದು ಹಿಡಿ ಸೊಪ್ಪು. ಹದಿಮೂರನೆಯ ದಿನ ಇಬ್ಬರೂ ಬಾಯಿ ಮುಚ್ಚಿ ಕೂತರು, ಚಮೇಲಿ ತಾನಾಗಿ ಹೋಗಿ ಹೊಸ ಸ್ಟೇಷನ್ ಮುಟ್ಟಿದಳು. ಸೈಫುದ್ದೀನ ಕೂಸಿನ ಹಾಗೆ ಅತ್ತ. ಮಧ್ಯಾಹ್ನ ಆ ಹಳಿಯ ಮೇಲೆ ಒಂದೂ ಗಾಡಿ ಓಡುವುದಿಲ್ಲ ಎಂಬುದು ಇಬ್ಬರಿಗೂ ಹೊಳೆಯಲೇ ಇಲ್ಲ.

ಮರುದಿನ ಬೆಳಿಗ್ಗೆ ಬಸ್‌ಸ್ಟ್ಯಾಂಡಿನಲ್ಲಿ ಬಬಲೇಶ್ವರದ ಸಕ್ರವ್ವ ಟಾಂಗಾ ಹತ್ತಿದಳು. ಸೊಲ್ಲಾಪುರದಲ್ಲಿ ಮಗಳಿಗೆ ಬೇನೆ ಶುರುವಾಗಿತ್ತು.

“ಯಪ್ಪಾ, ಒಂಬತ್ತರ ಗಾಡಿ ಸಿಗತೈತಿಲ್ಲ? ಚೊಚ್ಚಲ ಹೆರಿಗಿ ಐತಿ.”

“ಸಿಗತೈತಿ, ಕುಂಡ್ರಬೇ ಯವ್ವಾ.”

ಮೊದಲ ತಿರುವು ಸರಿಯಾಯಿತು, ಎರಡನೆಯದೂ ಆಯಿತು. ಸೈಫುದ್ದೀನನ ಎದೆ ಹಗುರಾಗುತ್ತಿರುವಾಗ ದೂರದಲ್ಲಿ ಒಂದು ಗೂಡ್ಸ್ ಸೀಟಿ ಹೊಡೆಯಿತು. ಚಮೇಲಿ ಗಕ್ಕನೆ ಹಿಂದಕ್ಕೆ ತಿರುಗಿ ಓಡತೊಡಗಿದಳು. ಅವನು ಲಗಾಮು ಜಗ್ಗಿದ, ಬೈದ, ಬೇಡಿಕೊಂಡ. ಕೊನೆಗೆ, ಜೀವಮಾನದಲ್ಲಿ ಮೊದಲ ಬಾರಿ, ಅವಳ ಬೆನ್ನ ಮೇಲೆ ಬಾರಕೋಲು ಬೀಸಿದ. ಅವಳು ಇನ್ನೂ ಜೋರಾಗಿ ಓಡಿದಳು. ಸ್ಟೇಷನ್ ರಸ್ತೆಯ ಭಜಿ ವಾಸನೆ ಮೂಗಿಗೆ ಬಡಿದಾಗ ಅವನು ಲಗಾಮು ಸಡಿಲ ಬಿಟ್ಟ.

ಟಾಂಗಾ ನಿಂತಿತು. ಸಕ್ರವ್ವ ಗಂಟು ಹಿಡಿದು ಇಳಿದಳು.

“ಇಲ್ಲಿ ಗೇಟಿಗೆ ಕೀಲಿ ಹಾಕ್ಯಾರಲ್ಲೋ! ಹಳೇ ಸ್ಟೇಷನ್ನಿಗೆ ಯಾಕ ತಂದಿ? ಇತ್ತ ನೋಡು, ನಾ ಇಲ್ಲಿ ನಿಂತೇನಿ.” ಅವನ ಮುಖ ಬೇರೆ ಕಡೆಗಿತ್ತು. ಅವಳ ದನಿ ಇಳಿಯಿತು. “ಯಪ್ಪಾ, ನಿನಗ ಕಣ್ಣ ಕಾಣಂಗಿಲ್ಲೇನು?”

ಅದು ಬೈಗುಳವಾಗಿದ್ದರೆ ಅವನು ನುಂಗಿಕೊಳ್ಳುತ್ತಿದ್ದ.

“ಇಲ್ಲಬೇ,” ಎಂದ.

“ಮದಲ ಹೇಳಬಾರದೇನೋ ಪುಣ್ಯಾತ್ಮಾ! ನನ್ನ ಮಗಳ ಅಲ್ಲಿ ಒಬ್ಬಾಕೀನ ಅದಾಳ...” ಅವಳು ಅಳುತ್ತ ಆಟೋ ಹುಡುಕಿಕೊಂಡು ಓಡಿದಳು. ಅಕ್ಕಪಕ್ಕದ ಅಂಗಡಿಗಳಲ್ಲಿ ಮಾತು ನಿಂತಿತು.

ಚಮೇಲಿ ಕತ್ತು ಹೊರಳಿಸಿ ಕೆನೆದಳು. ಸೀಟಿ ಕೇಳಿದ್ದಳು, ಸ್ಟೇಷನ್ ಮುಟ್ಟಿಸಿದ್ದಳು, ಸೊಪ್ಪು ಕೇಳುತ್ತಿದ್ದಳು. ಅವಳದೇನು ತಪ್ಪು? ಸೈಫುದ್ದೀನ ಚೀಲದಿಂದ ಒಂದು ಹಿಡಿ ತೆಗೆದ. ಈ ಸಲ ಎಸೆಯಲಿಲ್ಲ. ಬಾರಕೋಲು ಬಿದ್ದ ಬೆನ್ನನ್ನು ಒಮ್ಮೆ ಸವರಬೇಕಿತ್ತು. ಒಂದು ಕೈಯಲ್ಲಿ ಗಾಲಿ ತಡಕುತ್ತ, ಕಾಲಿನಿಂದ ನೆಲ ಹುಡುಕುತ್ತ, ಸ್ಟೇಷನ್ ರಸ್ತೆಯ ಅಷ್ಟೂ ಮಂದಿಯೆದುರು ಅವನು ಟಾಂಗಾ ಇಳಿದ.