ಟಿವಿಯಲ್ಲಿ ಬಂದವಳಿಗೂ ಕುಂಕುಮ

ಎರಡೂ ಕೈಗಳನ್ನು ತಲೆಯ ಮೇಲಕ್ಕೆತ್ತುವ ಪ್ರಸಂಗ ಗೃಹಿಣಿಯ ಜೀವನದಲ್ಲಿ ಎಷ್ಟು ವಿರಳವೆಂಬುದನ್ನು ನೀವು ಗಮನಿಸಿದ್ದೀರೋ ಇಲ್ಲವೋ. ಅಟ್ಟದ ಉಪ್ಪಿನಕಾಯಿ ಜಾಡಿ ಇಳಿಸುವಾಗ, ತಂತಿಯ ಮೇಲೆ ಸೀರೆ ಹರವುವಾಗ. ಬಿಟ್ಟರೆ ದೇವರೆದುರು, ಅದೂ ಬೇರೆ ದಾರಿ ಕಾಣದಾದಾಗ. ಇಂಥ ನನಗೆ ದಿನವೂ ಬೆಳಿಗ್ಗೆ ಆಕಾಶವನ್ನೇ ಎತ್ತಿ ಹಿಡಿಯುವ ಕೆಲಸ ಗಂಟುಬಿದ್ದದ್ದು ಸೊರಬದಲ್ಲಿರುವ ನಾದಿನಿಯ ಕೃಪೆಯಿಂದ.

ಶಿಕಾರಿಪುರದ ನಮ್ಮ ಮನೆಯಲ್ಲಿರುವ ಅತ್ತೆಗೆ ಮರೆವಿನ ಕಾಯಿಲೆ. ನನ್ನನ್ನು ಯಾರೋ ನೆಂಟರೆಂದು ಭಾವಿಸಿ ‘ರೀ’ ಎನ್ನುತ್ತಾರೆ. ಸೊಸೆಯಾಗಿದ್ದಾಗ ದೊರೆಯದ ಮರ್ಯಾದೆ! ಬಚ್ಚಲ ಬಳಿ ಜಾರಿ ಬಿದ್ದ ಮೇಲಂತೂ ಕುರ್ಚಿಯಿಂದ ಏಳುವುದೆಂದರೆ ಅವರಿಗೆ ಪ್ರಾಣಭಯ. ಮರೆವು ನಮ್ಮ ಕೈಯಲ್ಲಿಲ್ಲ, ಆದರೆ ಹೀಗೇ ಕೂತಿದ್ದರೆ ಕಾಲೂ ಕೈಬಿಡುತ್ತವೆ ಎಂದರು ಡಾಕ್ಟರು. ಅದನ್ನು ಕೇಳಿ ನಾದಿನಿ ಫೋನು ಮಾಡಿದಳು.

“ಅತ್ತಿಗೆ, ಚೀನಾದವ್ರದ್ದು ಒಂದು ವ್ಯಾಯಾಮ ಇದ್ಯಂತೆ. ಆಕಾಶ ಎತ್ತಿ ಹಿಡ್ದಂಗೆ ನಿಧಾನಕ್ಕೆ ಕೈಕಾಲು ಆಡಿಸೋದು, ಮರೆವಿನವ್ರಿಗೆ ಒಳ್ಳೇದಂತೆ. ವಿಡಿಯೊ ಕಳ್ಸೀನಿ, ಟಿವಿಗೆ ಹಾಕ್ರಿ. ಅಮ್ಮನ ಜೊತೆ ನೀವೂ ಮಾಡ್ರಿ, ನಿಮಗೊಂದು ಸೊಂಟ ಇತ್ತು ಅಂತನಾದ್ರೂ ಗೊತ್ತಾಗ್ಲಿ!”

ಟಿವಿಯಲ್ಲಿ ಚೀನೀ ಗುರುಮಾತೆ ಮೋಡಗಳನ್ನು ಸವರುವಂತೆ ಕೈ ಬೀಸಿದಳು. ನಾನು ಸೊಳ್ಳೆ ಓಡಿಸುವಂತೆ ಬೀಸಿದೆ. ಅತ್ತೆ ಮಾತ್ರ ಕೈಗಳನ್ನು ಮಡಿಲಲ್ಲಿಟ್ಟುಕೊಂಡು, “ಪಾಪ, ಎಷ್ಟೊತ್ತಿಂದ ನಿಂತಾಳೆ ಹೆಣ್ಮಗಳು. ಒಂದು ಲೋಟ ಚಾ ಕೊಡ್ರೀ” ಎಂದರು. ಟಿವಿಯೆದುರು ಚಹಾ ಇಟ್ಟ ಮೇಲೆಯೇ ಅವರ ಕೈಗಳು ಮೇಲೇಳುತ್ತಿದ್ದವು, ಅದೂ ಕೂತಲ್ಲಿಂದ. ಅತಿಥಿ ಕುಡಿಯದ ಚಹಾ ನನ್ನ ಪಾಲಿಗೆ ಬಂದು, ಸೊಂಟದ ಸಂಶೋಧನೆ ಇನ್ನಷ್ಟು ಮುಂದಕ್ಕೆ ಬಿತ್ತು.

ಒಂದು ಬೆಳಿಗ್ಗೆ ವ್ಯಾಯಾಮದ ನಡುವೆಯೇ ಕರೆಂಟು ಹೋಯಿತು. ಎತ್ತಿದ ಕೈ ಇಳಿಸುವ ಮೊದಲೇ ಗುರುಮಾತೆ ಮಾಯ.

“ಅಯ್ಯ, ಕುಂಕುಮಾನೂ ಇಲ್ದಂಗೆ ಹೊಂಟ್ಲಲ್ರೀ!”

ಅತ್ತೆ ಎದ್ದುಬಿಟ್ಟಿದ್ದರು. ಮನೆಗೆ ಬಂದ ಹೆಣ್ಣುಮಗಳು ಕುಂಕುಮವಿಲ್ಲದೆ ಮರಳುವುದು ಅವರಿಗೆ ತಾವು ಬೀಳುವುದಕ್ಕಿಂತ ದೊಡ್ಡ ಅನಾಹುತ. ಹಿಡಿಯಲು ಚಾಚಿದ ನನ್ನ ಕೈ ಅರ್ಧದಲ್ಲೇ ನಿಂತಿತು. ದೇವರ ಗೂಡಿನಿಂದ ಕುಂಕುಮದ ಭರಣಿ ತೆಗೆದುಕೊಂಡು, ಗೋಡೆ ಮುಟ್ಟದೆ ಹೊಸ್ತಿಲವರೆಗೆ ನಡೆದು, ಖಾಲಿ ಬೀದಿಗೆ “ಹೋಗಿ ಬಾರವ್ವ” ಎಂದರು. ಆಮೇಲೆ ನನ್ನತ್ತ ತಿರುಗಿದರು.

“ನೀವೂ ಹೊಂಟ್ರೇನ್ರೀ? ಹೌದು, ಮನೇಲಿ ಕಾಯ್ತಿರ್ತಾರೆ” ಎಂದು ಭರಣಿ ಮುಂದೆ ಹಿಡಿದರು.

ನಿಮ್ಮಲ್ಲಿ ಮುಚ್ಚುಮರೆ ಏಕೆ, ಆಯುಷ್ಯದ ಬಹುಭಾಗ ಒಲೆ ಹಚ್ಚಿದ ಮನೆಯಿಂದಲೇ ನೆಂಟಳಾಗಿ ಬೀಳ್ಕೊಡಿಸಿಕೊಳ್ಳುವುದು ಸುಲಭವೇ? ಆದರೆ ನನ್ನ ಕಣ್ಣು ಅವರ ಪಾದಗಳ ಮೇಲಿತ್ತು. ಅವು ನಡುಗುತ್ತಿರಲಿಲ್ಲ. ಕುಂಕುಮ ಹಚ್ಚಿಕೊಂಡು “ಬರ್ತೀನ್ರೀ” ಎಂದವಳು ಗೇಟು ದಾಟಿ, ಪಕ್ಕದ ಓಣಿ ಸುತ್ತಿ, ಹಿತ್ತಲ ಬಾಗಿಲಿನಿಂದ ಒಳಬಂದೆ.

ಈಗ ಇದೇ ನಿತ್ಯವಿಧಿ. ವ್ಯಾಯಾಮವಾದ ಮೇಲೆ ಚೀನಾದವಳು ಮೊದಲು ಹೊರಡುತ್ತಾಳೆ, ಹಿಂದೆಯೇ ನಾನು. ನಮ್ಮ ಯಜಮಾನರು ಅತ್ತೆ ಜಾರಿದರೆ ಹಿಡಿಯಲೆಂದು ಬಾಗಿಲ ಮರೆಯಲ್ಲಿ ಕಾಯುತ್ತಾರೆ. ಓಣಿಯ ತಿರುವಿನಲ್ಲಿ ನಾನು ಹಿಂತಿರುಗಿ ನೋಡಿದರೆ, ಅತ್ತೆ ಹೊಸ್ತಿಲಲ್ಲಿ, ಏನನ್ನೂ ಹಿಡಿಯದೆ, ನೆಂಟಳು ಕಣ್ಮರೆಯಾಗುವವರೆಗೂ ನಿಂತೇ ಇರುತ್ತಾರೆ. ಅದಕ್ಕೇ ನಾನು ಸ್ವಲ್ಪ ನಿಧಾನವಾಗಿ ನಡೆಯುತ್ತೇನೆ.